ಎರಡು ಹಳೇ ಪ್ರೊಸೆಸರು, ಒಂದು ದನಿ

ಶಿಡ್ಲಘಟ್ಟದ ನಮ್ಮ ಕಾಲೇಜಿನಲ್ಲಿ ಅವರ ಜೊತೆ ಸ್ಟಾಫ್ ರೂಮಿನಲ್ಲಿ ಕೂತವರು ಯಾರೂ ನೆಮ್ಮದಿಯಾಗಿ ಒಂದು ಲೋಟ ಟೀ ಕುಡಿದವರಲ್ಲ. ಅವರು ಬಿಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಟೀ ಒಂದು ಫ್ಲಾಸ್ಕಿನಲ್ಲಿ, ರೇಷ್ಮೆ ಗೂಡಿನ ಮಾರ್ಕೆಟ್ಟಿನ ಹತ್ತಿರದ ಟೀ ಇನ್ನೊಂದು ಫ್ಲಾಸ್ಕಿನಲ್ಲಿ ತರಿಸಿ, ಒಂದೇ ಥರದ ಎರಡು ಲೋಟಕ್ಕೆ ಹುಯ್ದು, "ಈಗ ಹೇಳಮ್ಮ, ಯಾವುದು?" ಎಂದು ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. "ಎರಡೂ ಬಿಸಿನೀರೇ ಸಾರ್" ಎಂದರೆ ಅವರಿಗೆ ಬೇಜಾರು. "ಕನ್ನಡದವರಿಗೆ ನಾಲಿಗೆ ಇರೋದು ಮಾತಾಡಕ್ಕೆ ಮಾತ್ರ" ಎಂದು ಗೊಣಗಿಕೊಂಡು ಎರಡು ಲೋಟವನ್ನೂ ತಾವೇ ಮುಗಿಸುತ್ತಿದ್ದರು.

ನಾನು ಕನ್ನಡದವಳು, ಅವರು ಎಲೆಕ್ಟ್ರಾನಿಕ್ಸ್. ಹೆಸರು ಬರೆಯುವುದಿಲ್ಲ, ಬರೆದರೆ ಅಕ್ಕನಿಗೆ ಹಿಡಿಸುವುದಿಲ್ಲ. ಅಕ್ಕ ಎಂದರೆ ಅವರ ಹೆಂಡತಿ. ಈ ಸಲದ ಯುಗಾದಿ ಕಳೆದ ಮೇಲೆ ಸಾರ್ ತೀರಿಕೊಂಡರು. ರಿಟೈರಾಗಲು ಇನ್ನೂ ಒಂದು ವರ್ಷವಿತ್ತು. ಹಾಳಾದ ಹೃದಯ, ಒಂದು ಸೂಚನೆಯನ್ನೂ ಕೊಡಲಿಲ್ಲ. ಈಗ ಸ್ಟಾಫ್ ರೂಮಿನಲ್ಲಿ ಟೀ ಒಂದೇ ಫ್ಲಾಸ್ಕಿನಲ್ಲಿ ಬರುತ್ತದೆ. ಕುಡಿಯಲು ಯಾಕೋ ಮನಸ್ಸಾಗುವುದಿಲ್ಲ.

ಹೋಲಿಸದೆ ಏನನ್ನೂ ನಂಬದ ಆಸಾಮಿ ಅವರು. ಬೆಂಗಳೂರಿಗೆ ಜಂಗಮಕೋಟೆ ಮೇಲೆ ಹೋಗುವ ಬಸ್ಸು ಬೇಗ ಮುಟ್ಟುತ್ತದೋ, ಚಿಕ್ಕಬಳ್ಳಾಪುರದ ಮೇಲೆ ಹೋಗುವುದೋ ಎಂದು ಒಮ್ಮೆ ಚರ್ಚೆಯಾಯಿತು. ಬೇರೆಯವರಾದರೆ ಅಲ್ಲಿಗೇ ಬಿಡುತ್ತಿದ್ದರು. ಇವರು ಮೀಟಿಂಗಿಗೆ ಹೊರಟ ನನ್ನನ್ನು ಒಂದು ಬಸ್ಸಿಗೆ ಹತ್ತಿಸಿ, ತಾವು ಇನ್ನೊಂದಕ್ಕೆ ಹತ್ತಿದರು. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಬಿಸಿಲಿನಲ್ಲಿ ನಿಂತು ಅವರಿಗಾಗಿ ಕಾದು ಕಾದು ನನಗೆ ತಲೆಕೆಟ್ಟಿತ್ತು. ಕೊನೆಗೆ ಇಳಿದು ಬಂದವರು ಸೋತ ಮುಖದಲ್ಲೂ ನಗುತ್ತಾ, "ನೋಡ್ದಾ? ಈಗ ಗೊತ್ತಾಯ್ತು. ಇಲ್ದಿದ್ರೆ ಸಾಯೋವರೆಗೂ ಬರೀ ವಾದ" ಎಂದರು. ನಾನು ಬೈದೆ. ಅವರು ಕಬ್ಬಿನ ಹಾಲು ಕೊಡಿಸಿದರು.

ಕಂಪ್ಯೂಟರಿನ ವಿಷಯದಲ್ಲಂತೂ ಈ ಗೀಳಿಗೆ ಮಿತಿಯೇ ಇರಲಿಲ್ಲ. ಹೊಸ ಮೆಷಿನ್ನು ಅವರಿಗೆ ಬೇಕಿರಲಿಲ್ಲ. ಯಾರೋ ಎಸೆದ ಹಳೇ ಪ್ರೊಸೆಸರುಗಳನ್ನು ತಂದು ಲ್ಯಾಬಿನ ಮೂಲೆಯ ಮೇಜಿನ ಮೇಲೆ ಜೋಡಿಸಿ, ಎರಡಕ್ಕೂ ಒಂದೇ ಕೆಲಸ ಕೊಟ್ಟು, ಯಾವುದು ಮೊದಲು ಮುಗಿಸುತ್ತದೆ ಎಂದು ಕೂತು ನೋಡುತ್ತಿದ್ದರು. ನಡುನಡುವೆ ಎದ್ದು, ಮಗುವಿಗೆ ಜ್ವರ ನೋಡುವಂತೆ ಬೆರಳ ಹಿಂಬದಿಯಿಂದ ಒಂದೊಂದನ್ನೂ ಮುಟ್ಟುವುದು. "ಇದು ಬಿಸಿ ಆಯ್ತು ನೋಡು. ಬಡಾಯಿ ಜಾಸ್ತಿ, ಕೆಲಸ ಅಷ್ಟಕ್ಕಷ್ಟೆ" ಎನ್ನುವುದು. ಕಂಪನಿಯವರು ಬರೆದ ಗುಣಗಾನವನ್ನು ಅವರು ಓದುತ್ತಲೇ ಇರಲಿಲ್ಲ. "ಡಬ್ಬದ ಮೇಲೆ ಬರೆದಿರೋದು ಜಾತಕ ಇದ್ದಂಗೆ ಕಣಮ್ಮ. ನಿಜಾ ಗೊತ್ತಾಗೋದು ಸಂಸಾರ ಹೂಡಿದ ಮೇಲೆ." ಅವರ ಮನೆತನದಲ್ಲಿ ಎರಡು ತಲೆಮಾರಿನಿಂದ ಯಾರೂ ಜಾತಕ ಬರೆಸಿದವರಲ್ಲ. ಅವರ ಮದುವೆ ಆದದ್ದೂ ಬುದ್ಧನ ಪಟದ ಮುಂದೆ, ಬಿಳೀ ಬಟ್ಟೆಯಲ್ಲಿ.

ಅಕ್ಕ ಪ್ರೈಮರಿ ಸ್ಕೂಲಿನ ಟೀಚರು. ಆದರೆ ತಾಲ್ಲೂಕಿಗೆಲ್ಲ ಅವರು ಗೊತ್ತಿದ್ದದ್ದು ದನಿಯಿಂದ. ಶಿಕ್ಷಕರ ದಿನಾಚರಣೆ, ರಾಜ್ಯೋತ್ಸವ, ಸ್ಕೂಲ್ ಡೇ, ಯಾವುದೇ ಇರಲಿ, ನಿರೂಪಣೆ ಅಕ್ಕನದೇ. "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಎಂದು ಆ ತುಂಬು ದನಿ ಮೈಕಿನಲ್ಲಿ ಬಂದರೆ ಹಿಂದೆ ಕಡಲೆಕಾಯಿ ತಿನ್ನುತ್ತಿದ್ದವರೂ ಸರಿಯಾಗಿ ಕೂರುತ್ತಿದ್ದರು. ಚಿಂತಾಮಣಿಯಿಂದ, ನಂದಿಯಿಂದ ಕೂಡ ಕರೆ ಬರುತ್ತಿತ್ತು. ಅಚ್ಚುಕಟ್ಟಾದ ಪುಸ್ತಕದ ಕನ್ನಡ, ಒಂದು ಅಲ್ಪಪ್ರಾಣ ಮಹಾಪ್ರಾಣ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಮನೆಯಲ್ಲಿ ಬೇರೆಯೇ ಅಕ್ಕ. ತವರು ಕೆಂಚಾರ್ಲಹಳ್ಳಿ ಕಡೆ, ಮನೆಮಾತು ತೆಲುಗು. ಹೊಸಿಲು ದಾಟಿ ಒಳಗೆ ಬಂದರೆ ಪುಸ್ತಕದ ಕನ್ನಡ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತಿತ್ತು. ಒಳಗಿನ ದನಿ ಸ್ವಲ್ಪ ಒಡಕು, ಸ್ವಲ್ಪ ಎಳೆತ, ಅರ್ಧ ಬೈಗುಳ, ಅರ್ಧ ನಗು. ಗಂಡ ಸ್ಕ್ರೂಡ್ರೈವರ್ ಹಿಡಿದು ಕೂತರೆ ಅಡುಗೆಮನೆಯಿಂದಲೇ ಕೂಗು: "ಏಮಯ್ಯಾ, ಚೆವುಡಾ ನೀಕು? ಸಂಗಟಿ ಚಲ್ಲಾರಿಪೋತುಂದಿ!" ಕಿವುಡಾ ನಿನಗೆ, ಮುದ್ದೆ ಆರಿಹೋಗುತ್ತೆ ಎಂದರ್ಥ. ಅವರು "ವಸ್ತಾ, ವಸ್ತಾ" ಬಂದೆ, ಬಂದೆ ಎಂದು ಕೂತಲ್ಲೇ ಇರುವುದು. ಅಕ್ಕ ಮತ್ತೆ ಕೂಗುವುದು. ಆ ಎರಡನೇ ಕೂಗು ಕೇಳಬೇಕೆಂದೇ ಅವರು ಏಳುತ್ತಿರಲಿಲ್ಲ ಎಂದು ನನಗೆ ಆಗಲೇ ಅನುಮಾನವಿತ್ತು. ಮಕ್ಕಳಿರಲಿಲ್ಲ. ಆದರೂ ಆ ಮನೆ ಒಂದು ದಿನವೂ ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಸುಮ್ಮನಾಯಿತು. ಗಂಟಲು ಕಟ್ಟಿದೆ ಎಂದು ಶುರುವಾದದ್ದು, ಕಷಾಯ, ಮಾತ್ರೆ ಎಂದು ಕಾಲ ಕಳೆದು, ಕೊನೆಗೆ ಬೆಂಗಳೂರಿನ ಡಾಕ್ಟರು ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆ ತೆಗೆದರೆ ಜೀವ ಉಳಿಯುತ್ತದೆ ಎಂದರು. ಇವರು ಹೋಲಿಸಿ ನೋಡಲು ಏನೂ ಇರಲಿಲ್ಲ. ತೆಗೆಸಿದರು. ಅಕ್ಕ ಮನೆಗೆ ಬಂದಾಗ ಕತ್ತಿನಲ್ಲಿ ಒಂದು ರಂಧ್ರ, ಅದರ ಮೇಲೆ ತೆಳು ಬಟ್ಟೆ, ಕೈಯಲ್ಲಿ ಸ್ಕೂಲು ಮಕ್ಕಳ ಸ್ಲೇಟು. ಕುತ್ತಿಗೆಗೆ ಒತ್ತಿ ಹಿಡಿದರೆ ಮಾತು ಬರುವ ಒಂದು ಉಪಕರಣವನ್ನು ಆಸ್ಪತ್ರೆಯವರು ತೋರಿಸಿದ್ದರಂತೆ. ಅದರ ಗೊರಗೊರ ಸದ್ದು ಕೇಳಿ ಅಕ್ಕ ಕೈಯಾಡಿಸಿ ಬೇಡ ಎಂದಿದ್ದರು. ನಾನು ನೋಡಲು ಹೋದ ದಿನ ಸ್ಲೇಟಿನ ಮೇಲೆ "ಟೀ?" ಎಂದು ಬರೆದು ಹಿಡಿದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಆ ಮನೆಯಲ್ಲಿ ಅಷ್ಟು ಚಿಕ್ಕ ಮಾತು ನಾನು ಯಾವತ್ತೂ ಕೇಳಿರಲಿಲ್ಲ.

ಸಾರ್ ಅತ್ತದ್ದನ್ನು ನಾನು ಕಾಣಲಿಲ್ಲ. ಒಂದು ದಿನ ಸ್ಟಾಫ್ ರೂಮಿಗೆ ಬಂದು, "ಅವಳ ದನಿ ಮಾಡ್ತೀನಿ" ಎಂದರು.

"ಏನ್ ಮಾಡ್ತೀರಾ?"

"ದನಿ ಕಣಮ್ಮ. ಅವಳು ಟೈಪ್ ಮಾಡಿದ್ರೆ ಕಂಪ್ಯೂಟರು ಅವಳ ದನೀಲೇ ಓದ್ಬೇಕು. ಈಗೆಲ್ಲ ಆಗುತ್ತೆ. ಅವಳು ಮಾತಾಡಿರೋದನ್ನ ಕೇಳಿಸಿ ಕೇಳಿಸಿ ಅದಕ್ಕೆ ಕಲಿಸ್ಬೇಕು, ಅಷ್ಟೆ."

ಅಷ್ಟೆ ಅಂತೆ! ಅಕ್ಕನ ದನಿ ಇದ್ದ ಕಡೆಗೆಲ್ಲ ಸ್ಕೂಟರಿನಲ್ಲಿ ತಿರುಗಿದರು. ವಿಡಿಯೋ ತೆಗೆಯುವವರ ಅಂಗಡಿ, ಸ್ಕೂಲುಗಳ ಬೀರು, ಯಾರ್‍ಯಾರದೋ ಮೊಬೈಲು. ಪೆನ್ ಡ್ರೈವುಗಳಲ್ಲಿ ಸ್ವಾಗತ ಭಾಷಣ, ವಂದನಾರ್ಪಣೆ, ಬಹುಮಾನ ವಿತರಣೆ ಎಲ್ಲ ಬಂತು. ಅಕ್ಕ ಹೇಳಿದ ಒಂದೊಂದು ವಾಕ್ಯವನ್ನೂ ಹಾಗೆ ಹಾಗೇ ಬರೆದುಕೊಡಬೇಕಿತ್ತು. ಅದು ನನ್ನ ಪಾಲಿಗೆ ಬಂತು. ಭಾನುವಾರಗಳಲ್ಲಿ ಅವರ ಹಜಾರದಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, "ಈಗ ಮಾನ್ಯ ಅಧ್ಯಕ್ಷರು ಜ್ಯೋತಿ ಬೆಳಗಿಸುವುದರ ಮೂಲಕ" ಎಂದು ಬರೆದದ್ದೇ ಬರೆದದ್ದು. ಎದುರಿಗೆ ಅದೇ ಅಕ್ಕ ಮಾತಿಲ್ಲದೆ ಹುರುಳಿಕಾಯಿ ಬಿಡಿಸುತ್ತಾ ಕೂತಿರುತ್ತಿದ್ದರು. ಕಿವಿಯಲ್ಲಿ ಒಬ್ಬರು, ಕಣ್ಣೆದುರು ಒಬ್ಬರು.

ಹಜಾರದ ಮೇಜಿನ ಮೇಲೆ ಎರಡು ಡಬ್ಬಗಳು ಬಂದು ಕೂತವು. ಒಂದು ಕಾಲೇಜಿನ ಲ್ಯಾಬಿನಿಂದ ಹರಾಜಾದ ಹಳೇ ಡೆಸ್ಕ್‌ಟಾಪ್. ಇನ್ನೊಂದು ಬೆಂಗಳೂರಿನ ಗುಜರಿಯಿಂದ ತಂದ ಸರ್ವರು. ಯಾವುದೋ ಆಫೀಸಿನಲ್ಲಿ ಹಗಲೂ ರಾತ್ರಿ ದುಡಿದು ಸವೆದದ್ದು. ಡೆಸ್ಕ್‌ಟಾಪಿನ ಪ್ರೊಸೆಸರಿನಲ್ಲಿ ಕೆಲಸ ಮಾಡುವ ಕೋರುಗಳು ನಾಲ್ಕೇ, ಆದರೆ ಒಂದೊಂದೂ ಚುರುಕು. ಸರ್ವರಿನದರಲ್ಲಿ ಅದರ ಮೂರು ಪಟ್ಟು, ಆದರೆ ಒಂದೊಂದೂ ನಿಧಾನ. "ಹಾಗಾದ್ರೆ ಯಾವುದು ಒಳ್ಳೇದು ಹೇಳಿ ಮುಗಿಸಿ ಸಾರ್" ಎಂದೆ.

"ಮದುವೆ ಮನೆ ಅಡುಗೆಗೆ ಹನ್ನೆರಡು ಜನ ಬೇಕು. ಒಂದು ಲೋಟ ಕಾಫಿ ಕಾಯಿಸಕ್ಕೆ ಹನ್ನೆರಡು ಜನ ಒಲೆ ಸುತ್ತ ನಿಂತ್ರೆ ಕಾಫಿ ಬೇಗ ಆಗುತ್ತಾ? ಅಲ್ಲಿಗೆ ಒಬ್ಬಳೇ ಚುರುಕಾದೋಳು ಸಾಕು."

ಹಾಗೇ ಆಯಿತು. ದನಿ ಕಲಿಸುವುದು ಮದುವೆ ಮನೆ ಅಡುಗೆ. ಅದರಲ್ಲಿ ಸರ್ವರು ಡೆಸ್ಕ್‌ಟಾಪನ್ನು ಎಲ್ಲೋ ಹಿಂದೆ ಬಿಟ್ಟಿತು. ವಾರಗಟ್ಟಲೆ ಓಡಿತು. ಓಡುವಾಗ ಅದರ ಫ್ಯಾನುಗಳ ಅಬ್ಬರ ಎಷ್ಟೆಂದರೆ ಬೀದಿಯಲ್ಲಿ ಹೋಗುವವರು, "ಏನ್ ಸಾರ್, ಹಿಟ್ಟಿನ ಗಿರಣಿ ಹಾಕಿದ್ರಾ?" ಎಂದು ಕೇಳುತ್ತಿದ್ದರು. ಅಕ್ಕನಿಗೆ ಆ ಸದ್ದು ಕಂಡರಾಗುತ್ತಿರಲಿಲ್ಲ. ಸ್ಲೇಟಿನ ಮೇಲೆ "ತಲೆನೋವು" ಎಂದು ಬರೆದು ಡಬ್ಬಕ್ಕೆ ಆನಿಸಿ ನಿಲ್ಲಿಸಿ ಒಳಗೆ ಹೋಗುತ್ತಿದ್ದರು. ಇವರು ಸ್ಲೇಟನ್ನು ತಿರುಗಿಸಿ ಇಟ್ಟು ಕೆಲಸ ಮುಂದುವರಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಹೆಂಡತಿಯ ಪಕ್ಕ ಕೂರುವುದು ಬಿಟ್ಟು ಈ ಮನುಷ್ಯ ಡಬ್ಬಗಳ ಜ್ವರ ನೋಡುತ್ತಿದ್ದಾರಲ್ಲ ಎಂದು.

ಕಲಿತು ಮುಗಿದ ಮೇಲೆ ಮಾತಾಡಿಸುವುದು ಒಂದು ಲೋಟ ಕಾಫಿ. ಅಲ್ಲಿ ಡೆಸ್ಕ್‌ಟಾಪು ಗೆದ್ದಿತು. ಎರಡಕ್ಕೂ "ಊಟ ಆಯಿತಾ" ಎನ್ನುವ ಅದೇ ವಾಕ್ಯ ಕೊಟ್ಟು ನೋಡಿದರು. ಡೆಸ್ಕ್‌ಟಾಪು ಹೇಳಿ ಮುಗಿಸಿದ ಮೇಲೆ ಸರ್ವರು ಬಾಯಿ ತೆಗೆಯುತ್ತಿತ್ತು. ಆದರೂ ಅವರಿಗೆ ಸಮಾಧಾನವಿಲ್ಲ. ಗುಂಡಿ ಒತ್ತಿದ್ದಕ್ಕೂ ದನಿ ಬರುವುದಕ್ಕೂ ನಡುವೆ ಒಂದು ಉಸಿರಿನಷ್ಟು ತಡವಿತ್ತು.

"ಒಂದು ಉಸಿರು ತಾನೇ ಸಾರ್, ಬಿಡಿ."

"ಬಿಡಕ್ಕಾಗುತ್ತಾ? ಅವಳು ನನ್ನ ಬಯ್ಯೋವಾಗ ತಡ ಆಗ್ಬಾರ್ದು. ತಡವಾಗಿ ಬಂದ್ರೆ ಅದು ಬೈಗುಳ ಅಲ್ಲಮ್ಮ, ಅರ್ಜಿ."

ಅಕ್ಕನಿಗೆ ಕೇಳಿಸುವ ದಿನ ನನ್ನನ್ನೂ ಕರೆದಿದ್ದರು. ಗಂಡ ಹೊಸ ಷರ್ಟು ಹಾಕಿದ್ದರು. ಅಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮೇಜಿನ ಮುಂದೆ ಕೂತರು. ಆಮೇಲೆ ಗಂಡನ ಕಡೆ ಒಂದು ತುಂಟ ನೋಟ ನೋಡಿ ಕೀಬೋರ್ಡಿನ ಮೇಲೆ ಟಕಟಕ ಹೊಡೆದರು. ಅಕ್ಕನ ಮುಖದಲ್ಲಿ ಹಳೇ ಜಗಳದ ಕಳೆ ಕಂಡು ನನಗೆ ಎಷ್ಟು ಸಂತೋಷವಾಯಿತೋ!

ದನಿ ಬಂತು. ಅಕ್ಕನದೇ. ಅನುಮಾನವೇ ಬೇಡ. ಆದರೆ ಅದು ವೇದಿಕೆಯ ಅಕ್ಕ. "ಏಮಯ್ಯಾ, ಸಂಗಟಿ ಚಲ್ಲಾರಿಪೋತುಂದಿ" ಎಂದು ಆ ತುಂಬು ದನಿ ಅಕ್ಷರ ಅಕ್ಷರ ಬಿಡಿಸಿ, ನಗುನಗುತ್ತಾ, ಮುಖ್ಯ ಅತಿಥಿಗಳನ್ನು ವೇದಿಕೆಗೆ ಆಹ್ವಾನಿಸುವಂತೆ ಹೇಳಿತು. ಪುಸ್ತಕದ ಕನ್ನಡ ಮಾತ್ರ ಕಲಿತಿದ್ದ ಯಂತ್ರಕ್ಕೆ ತೆಲುಗಿನ ಎಳೆತ ಗೊತ್ತಿರಲಿಲ್ಲ. ಬೈಗುಳ ಗೊತ್ತಿರಲಿಲ್ಲ. ಮನೆ ಗೊತ್ತಿರಲಿಲ್ಲ.

ಅಕ್ಕ ಕೀಬೋರ್ಡನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. ಸ್ಲೇಟು ತೆಗೆದುಕೊಂಡು ಬರೆದು ಗಂಡನಿಗೆ ತೋರಿಸಿದರು: "ಇದು ನಾನಲ್ಲ. ಮೈಕು."

ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಾರ್ ಸ್ಲೇಟನ್ನೇ ನೋಡುತ್ತಾ ನಿಂತು, ಆಮೇಲೆ ನನ್ನ ಕಡೆ ತಿರುಗಿ, "ಇನ್ನೂ ಸ್ವಲ್ಪ ತಡ ಆಗ್ತಿದೆ ಅಲ್ವಾ?" ಎಂದರು.

ಅಲ್ಲಿಂದ ಮುಂದೆ ಅವರದು ಹಟವೋ ಹುಚ್ಚೋ. ಡೆಸ್ಕ್‌ಟಾಪಿಗೆ ಬೇರೆ ಪ್ರೊಸೆಸರು ಹಾಕುವುದು, ತೆಗೆಯುವುದು, ಸರ್ವರಿನಲ್ಲಿ ಕೆಲವು ಕೋರು ಮುಚ್ಚಿ ಉಳಿದವನ್ನು ಓಡಿಸಿ ನೋಡುವುದು, ಮತ್ತೆ ಎರಡನ್ನೂ ಅಕ್ಕಪಕ್ಕ ಇಟ್ಟು ಅದೇ "ಊಟ ಆಯಿತಾ". ಹಜಾರದಲ್ಲಿ ಅಕ್ಕನ ದನಿ ಊಟ ಆಯಿತಾ, ಊಟ ಆಯಿತಾ ಎಂದು ಕೇಳುತ್ತಲೇ ಇರುವುದು. ಅಡುಗೆಮನೆಯಲ್ಲಿ ಅಕ್ಕ ಮುದ್ದೆ ಆರುತ್ತಿದ್ದರೂ ಕೂಗಲಾರದೆ ಪಾತ್ರೆಗೆ ಸೌಟಿನಿಂದ ಬಡಿಯುವುದು. ನಾನು ನೋಡಿ ನೋಡಿ ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ. "ಸಾರ್, ಎಷ್ಟು ಬೇಗ ಅನ್ನೋದಲ್ಲ ಅಕ್ಕನ ಕಷ್ಟ. ನಿಮಗೆ ಅಷ್ಟೂ ಗೊತ್ತಾಗಲ್ವಾ? ಆರಿಸಿ ಆ ದರಿದ್ರ ಡಬ್ಬಾನ. ಹೋಗಿ ಅವರ ಪಕ್ಕ ಕೂತ್ಕೊಳ್ಳಿ."

ಅವರು ಸಿಟ್ಟಾಗಲಿಲ್ಲ. ಬೆರಳ ಹಿಂಬದಿಯಿಂದ ಪ್ರೊಸೆಸರಿನ ಬಿಸಿ ನೋಡುತ್ತಾ ಹೇಳಿದರು.

"ಗೊತ್ತಮ್ಮ. ಮೊದಲ್ನೇ ದಿನಾನೇ ಗೊತ್ತಾಯ್ತು. ಬೇಗ ಮಾಡೋದು ನನ್ನ ಕೈಲಿದೆ, ಅದಕ್ಕೆ ಅದನ್ನ ಮಾಡ್ತಿದೀನಿ. ಇನ್ನೊಂದು ನನ್ನ ಕೈಲಿಲ್ಲ."

"ಮನೇಲಿ ಮಾತಾಡಿರೋದು ಎಲ್ಲೂ ರೆಕಾರ್ಡ್ ಆಗಿಲ್ವಾ ಸಾರ್? ಒಂದು ಫೋನಲ್ಲೂ?"

"ಎಲ್ಲಾ ಹುಡುಕ್ದೆ. ನಮ್ಮೋರು ಹೆಂಗೆ ಅಂತ ನಿಂಗೊತ್ತಲ್ಲ. ಫೋನು ಎತ್ತಿ ಹಿಡಿದ್ರೆ ಸಾಕು, ತೆಲುಗು ಓಡೋಗುತ್ತೆ, ಬೆನ್ನು ನೆಟ್ಟಗಾಗುತ್ತೆ, 'ಎಲ್ಲರಿಗೂ ನಮಸ್ಕಾರ' ಶುರು. ಅವಳ ತಂಗಿ ಸೀಮಂತದ ವಿಡಿಯೋ ಸಿಕ್ತು ಅಂತ ಕೆಂಚಾರ್ಲಹಳ್ಳೀವರೆಗೂ ಹೋದೆ. ಅದ್ರಲ್ಲೂ ಸ್ವಾಗತ ಭಾಷಣ ಮಾಡವ್ಳೆ." ನಗಲು ಹೋದರು, ಆಗಲಿಲ್ಲ. "ಇಷ್ಟು ವರ್ಷ ಸಂಸಾರ ಮಾಡ್ದೆ. ಬಯ್ಯೋದನ್ನ ರೆಕಾರ್ಡ್ ಮಾಡ್ಕೋಬೇಕು ಅಂತ ಯಾವ ಗಂಡನಿಗೆ ಹೊಳೆಯುತ್ತೆ ಹೇಳು? ಆ ದನಿ ಈಗ ಇರೋದು ನನ್ನ ತಲೆಯೊಳಗೆ ಮಾತ್ರ. ಅಲ್ಲಿಂದ ಯಾವ ವೈರ್ ಹಾಕಿ ಇಳಿಸ್ಲಿ?"

ನಾನು ಎದ್ದು ಬರುವಾಗ ಬಾಗಿಲವರೆಗೂ ಬಂದು, "ಯಾವತ್ತಾದ್ರೂ ಒಂದಿನ ಅವಳಿಗೆ ಬೇಕಾಗುತ್ತೆ ಕಣಮ್ಮ. ನಾನಿಲ್ಲದಾಗ ಯಾರನ್ನಾದ್ರೂ ಕರೀಬೇಕು ಅಂದ್ರೆ ಸ್ಲೇಟು ಕೂಗುತ್ತಾ? ಆವತ್ತು ತಡ ಆಗ್ಬಾರ್ದು" ಎಂದರು. ಪೇಟೆಗೆ ಹೋದಾಗಲೋ ಊರಿಗೆ ಹೋದಾಗಲೋ ಎಂದುಕೊಂಡೆ. ಅವರೂ ಅಷ್ಟನ್ನೇ ನೆನೆದು ಹೇಳಿದ್ದಿರಬೇಕು.

ಅಕ್ಕ ಮಾತ್ರ ಮತ್ತೆ ಆ ಕೀಬೋರ್ಡು ಮುಟ್ಟಲಿಲ್ಲ. ಧೂಳು ಕೂರದಿರಲಿ ಎಂದು ಸಾರೇ ಅದರ ಮೇಲೊಂದು ಹಳೇ ಟವೆಲ್ಲು ಹೊದಿಸಿದ್ದರು.

ಆ ದಿನ ಬೆಳಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಫೋನು ಬಂತು, ನೋಡಿದರೆ ಅವರ ನಂಬರು. "ಏನ್ ಸಾರ್, ಇಷ್ಟೊತ್ತಿಗೇ" ಎಂದೆ. ಆ ಕಡೆಯಿಂದ ಹಿಟ್ಟಿನ ಗಿರಣಿಯಂಥ ಅಬ್ಬರ. ಅದರೊಳಗೆ ಟಕಟಕ ಕೀಲಿಯ ಸದ್ದು. ಕೀಲಿ ನಿಂತದ್ದೇ ತಡ, ದನಿ ಬಂತು. ನಡುವೆ ಒಂದು ಉಸಿರಿನಷ್ಟೂ ಬಿಡುವಿರಲಿಲ್ಲ. ವೇದಿಕೆಯ ದನಿ, ತುಂಬಿದ ದನಿ, ನಗುವ ದನಿ.

"ಇವರು ಏಳುತ್ತಿಲ್ಲ. ಮೈ ತಣ್ಣಗಿದೆ."

ನನ್ನ ಕೈಯಿಂದ ಚೊಂಬು ಬಿತ್ತು. "ಅಕ್ಕಾ" ಎಂದೆ. ಮತ್ತೆ ಟಕಟಕ. "ಇಂಟ್ಲೋ ಎವರೂ ಲೇರು. ರಾಮ್ಮಾ" ಎಂದು, ಅದೇ ಗಣ್ಯರನ್ನು ಕರೆಯುವ ರಾಗದಲ್ಲಿ. ಮನೆಯಲ್ಲಿ ಯಾರೂ ಇಲ್ಲ, ಬಾರಮ್ಮ ಎಂದು.

ಎರಡು ಬೀದಿ ಓಡಿದೆ. ನೂಲು ತೆಗೆಯುವ ಮನೆಗಳ ಮುಂದೆ ಗೂಡು ಬೇಯುವ ವಾಸನೆ ಎದ್ದಿತ್ತು, ಜನ ಎದ್ದಿದ್ದರು, ನನ್ನ ಹಿಂದೆ ಒಬ್ಬಿಬ್ಬರು ಬಂದರು. ಸಾರ್ ಹಜಾರದ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು. ಡಾಕ್ಟರನ್ನು ಕರೆತಂದೆವು, ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಯಾವುದು ಮಾತಾಡುವ ಡಬ್ಬವೋ ಗಾಬರಿಯಲ್ಲಿ ತಿಳಿಯದೆ ಅಕ್ಕ ಎರಡರ ಸ್ವಿಚ್ಚನ್ನೂ ಒತ್ತಿಬಿಟ್ಟಿದ್ದರು. ಸರ್ವರು ಮಾಡಲು ಕೆಲಸವಿಲ್ಲದಿದ್ದರೂ ಸುಮ್ಮನೆ ಅಬ್ಬರಿಸುತ್ತಿತ್ತು.

ಜನ ಸೇರತೊಡಗಿದರು. ಬುದ್ಧವಂದನೆ ಹೇಳುವವರು ಚಿಂತಾಮಣಿಯಿಂದ ಬರಬೇಕಿತ್ತು. ಯಾರು ಏನು ಹೇಳಿದರೂ ಆ ಫ್ಯಾನಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಇದೇನು ಅಪದ್ಧ ಎಂದು ನಾನು ಎದ್ದು ಸರ್ವರಿನ ಸ್ವಿಚ್ಚಿಗೆ ಕೈ ಹಾಕಿದೆ. ಅಕ್ಕ ಬಂದು ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿ ಹಿಡಿದರು. ಇನ್ನೊಂದು ಕೈಯಲ್ಲಿ, ನಿಂತುಕೊಂಡೇ, ಒಂದೇ ಬೆರಳಿನಲ್ಲಿ ಹೊಡೆದರು.

"ಆರಿಸಬೇಡ. ಅವರ ಸದ್ದು ಮನೆಯಲ್ಲಿ ಉಳಿದಿರುವುದು ಇದೊಂದೇ."

ಆ ದನಿ ಹೊರಗಿನ ಜಗುಲಿಯವರೆಗೂ ಕೇಳಿಸಿತು. ವರ್ಷಗಟ್ಟಲೆ ಆ ದನಿಯನ್ನು ಮೈಕಿನಲ್ಲಿ ಕೇಳಿದ್ದ ಜನ. ಅಲ್ಲಿ ಗುಜುಗುಜು ಮಾತಾಡುತ್ತಿದ್ದವರೆಲ್ಲ, ಏನು ಎತ್ತ ಎಂದು ಯೋಚಿಸುವ ಮೊದಲೇ, ಮಾತು ನಿಲ್ಲಿಸಿ ನೆಟ್ಟಗೆ ಕೂತರು.